ಕಿವಿ ಮೂಗು ಗಂಟಲುಗಳ ಒಳಚಿತ್ರ

ಮನುಷ್ಯನ ದೇಹದಲ್ಲಿ ಕಣ್ಣಿಗೆ ಅತ್ಯಂತ ಸಮೀಪದಲ್ಲಿದ್ದೂ ಕಣ್ಣಿಗೆ ಬೀಳದ ಎಡೆಗಳು ಯಾವುವೆಂದು ಕೇಳಿದರೆ, ಕಿವಿ ಮೂಗು ಗಂಟಲುಗಳೆಂದೇ ಉತ್ತರ ಹೇಳಬೇಕಾಗುವುದು. ಹೃದಯವೂ ಪಿತ್ತಕೋಶವೂ ಎಲ್ಲಿಯೋ ಆಳದಲ್ಲಿ ಅವಿತುಕೊಂಡಿರುವುವು. ಅವು ಕಾಣದಿದ್ದರೆ ಆಶ್ಚರ್ಯವಿಲ್ಲ. ಮೂಗಿನ ತುದಿಯನ್ನಾದರೆ ನಾವೇ ನೋಡಿಕೊಳ್ಳಬಲ್ಲೆವು. ಅಲ್ಲಿಂದ ಎರಡಂಗುಲ ಹಿಂದಕ್ಕೆ ಏನಿದೆಯೆಂಬುದನ್ನು ಬಲ್ಲವರು ನಮ್ಮಲ್ಲಿ ಎಷ್ಟು ಮಂದಿ? ಬಹುಕಾಲ ವೈದ್ಯರೂ ಈ ವಿಷಯದಲ್ಲಿ ನಮಗಿಂತ ಬಹಳ ಮುಂದೆ ಇರಲಿಲ್ಲ. ಮಾತನಾಡುವಾಗ ಜೀವಂತ ಮನುಷ್ಯನ ಧ್ವನಿತಂತುಗಳು ಹೇಗೆ ಚಲಿಸುವುವೆಂಬುದನ್ನು ಚೆನ್ನಾಗಿ ನೋಡಿ ಜಗತ್ತಿಗೆ ವರದಿ ಮಾಡಿದವರು ವೈದ್ಯರಲ್ಲ, ಸಂಗೀತದ ಮೇಷ್ಟರೊಬ್ಬರು. ಮಾನ್ಯುಯೆಲ್ ಗಾರ್ಸಿಯಾ ಎಂಬ ಈ ಮಹಾಶಯರು ೧೮೫೪ರಲ್ಲಿ ದಂತವೈದ್ಯರು ಬಳಸುವಂಥ ಒಂದು ಸಣ್ಣ ಕನ್ನಡಿಯನ್ನು ತಮ್ಮ ಗಂಟಲಿನ ಹಿಂಭಾಗಕ್ಕಿಟ್ಟು, ಕೈಗನ್ನಡಿಯೊಂದರಿಂದ ಬಿಸಿಲನ್ನು ಅದರ ಮೇಲೆ ಬೀಳಿಸಿ, ತಮ್ಮ ಕಂಠವನ್ನು ತಾವೇ ಕಂಡರು. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಆ ಸಂಗತಿ ಬಂದಿತು. ಅವರು ನೂರೊಂದು ವರ್ಷ ಬದುಕಿ ೧೯೦೬ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅವರ ಕನ್ನಡಿ ಎಲ್ಲ ದೇಶಗಳ ವೈದ್ಯರ ಪೆಟ್ಟಿಗೆಯನ್ನೂ ಸೇರಿತ್ತು.

ಕನ್ನಡಿ ಬೆಳಕು ಹೋದಲ್ಲಿಗೆ ಮಾತ್ರ ಹೋಗಬಲ್ಲುದು. ಎಲುಬಿನ ಗೋಡೆಯ ಹಿಂದಿರುವುದನ್ನು ಅದು ತೋರಿಸಲಾರದು. ಅಲ್ಲಿಂದ ಮುಂದಿನ ಕಥೆಯೇ ಈ ಭಾಷಣದ ವಿಷಯ. ನಾವು ವೈದ್ಯರಲ್ಲ, ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುವವರು. ರೋಗಕ್ಕೆ ಮದ್ದು ಹೇಳುವ ಅಧಿಕಾರ ನಮಗಿಲ್ಲ. ಆದರೆ ಚಿತ್ರ ಹೇಗೆ ಮೂಡುವುದು, ಅದು ಏನನ್ನು ಹೇಳಬಲ್ಲುದು, ಏನನ್ನು ಹೇಳಲಾರದು ಎಂಬುದು ಭೌತಶಾಸ್ತ್ರದವರ ಮಾತೂ ಹೌದು. ಈ ಕಾಲದಲ್ಲಿ ವಿದ್ಯಾವಂತರಾದವರು ಕೈಯಲ್ಲಿ ಒಂದು ದೊಡ್ಡ ಲಕೋಟೆಯನ್ನು ಹಿಡಿದುಕೊಂಡು ವೈದ್ಯರಲ್ಲಿಗೆ ಹೋಗುವುದು ವಾಡಿಕೆಯಾಗಿರುವುದರಿಂದ ಈ ವಿಚಾರ ಅಪ್ರಸ್ತುತವಾಗಲಾರದೆಂದು ಭಾವಿಸಿದ್ದೇವೆ.

೧೮೯೫ನೆಯ ನವೆಂಬರ್ ೮ರಂದು ಜರ್ಮನಿಯ ವುರ್ಟ್ಸ್‌ಬರ್ಗಿನಲ್ಲಿ ರಾಂಟ್‌ಜೆನ್ ಮಹಾಶಯರು ಕ್ಷ-ಕಿರಣಗಳನ್ನು ಕಂಡುಹಿಡಿದರು. ಈ ಕಿರಣಗಳು ಮಾಂಸವನ್ನು ಸುಲಭವಾಗಿಯೂ ಎಲುಬನ್ನು ಕಷ್ಟದಿಂದಲೂ ಹಾದುಹೋಗುವುವು. ಗಾಳಿಯಂತೂ ಅವಕ್ಕೆ ಅಡ್ಡಿಯೇ ಅಲ್ಲ. ಇದನ್ನು ನೆನಪಿನಲ್ಲಿಟ್ಟುಕೊಂಡರೆ ತಲೆಯ ಚಿತ್ರದ ಮರ್ಮ ತಾನಾಗಿಯೇ ತಿಳಿಯುವುದು. ನಮ್ಮ ಮುಖದ ಎಲುಬುಗಳು ಗಟ್ಟಿಯಾದ ಕಲ್ಲುಗಳಲ್ಲ. ಕೆನ್ನೆಯೊಳಗೆ ಎರಡು, ಹಣೆಯೊಳಗೆ ಎರಡು, ಎರಡು ಕಣ್ಣುಗಳ ನಡುವೆ ಜೇನುಗೂಡಿನ ಕಣ್ಣುಗಳಂತೆ ಹಲವು, ಎಲ್ಲಕ್ಕೂ ಹಿಂದೆ ಮಿದುಳಿನ ತಳಭಾಗದಲ್ಲಿ ಎರಡು, ಹೀಗೆ ಗಾಳಿ ತುಂಬಿದ ಗೂಡುಗಳು ಅವುಗಳಲ್ಲಿವೆ. ಇವನ್ನೇ ಸೈನಸ್ ಎನ್ನುವರು. ಜನರು "ನನಗೆ ಸೈನಸ್ ಇದೆ" ಎಂದು ದೂರಿಕೊಳ್ಳುವುದನ್ನು ಕೇಳಿದ್ದೇವೆ. ಸೈನಸ್ ಎಲ್ಲರಿಗೂ ಉಂಟು. ಅದು ಊದಿಕೊಂಡರೆ ಮಾತ್ರ ದೂರಬೇಕಾದುದು. ಗೂಡಿನಲ್ಲಿ ಗಾಳಿಯಿದ್ದರೆ ಚಿತ್ರದಲ್ಲಿ ಆ ಸ್ಥಳ ಕಪ್ಪಾಗಿಯೂ, ಸುತ್ತಲಿನ ಎಲುಬು ಬಿಳಿಯ ಅಂಚಾಗಿಯೂ ಕಾಣುವುದು. ಕಪ್ಪಿರಬೇಕಾದಲ್ಲಿ ಬೂದು ಬಣ್ಣ ಬಂದಿತೆಂದರೆ ಗಾಳಿಯ ಸ್ಥಳವನ್ನು ಬೇರೇನೋ ಆಕ್ರಮಿಸಿದೆಯೆಂದು ಅರ್ಥ. ಅದು ಕೀವೋ, ಊದಿದ ಪೊರೆಯೋ, ಗಂಟೋ, ಗಡ್ಡೆಯೋ ಎಂಬುದನ್ನು ಆ ಬೂದು ಬಣ್ಣವೊಂದೇ ಹೇಳಲಾರದು.

ಹಳೆಯ ಚಿತ್ರಕಾರರು ಇದರಿಂದಲೇ ಎಷ್ಟು ಕೆಲಸ ತೆಗೆದರೆಂಬುದು ಮೆಚ್ಚತಕ್ಕುದು. ತೊಗಲುಗೊಂಬೆಯಾಟದ ಪರದೆಯ ಹಿಂದೆ ಹತ್ತು ಗೊಂಬೆಗಳನ್ನು ಒಂದರ ಮೇಲೊಂದು ಹಿಡಿದರೆ ಪರದೆಯ ಮೇಲೆ ಬೀಳುವುದು ಒಂದೇ ಗೊಂದಲದ ನೆರಳಷ್ಟೆ. ತಲೆಯ ಸಾಧಾರಣ ಕ್ಷ-ಕಿರಣ ಚಿತ್ರವೂ ಹಾಗೆಯೇ. ನೇರವಾಗಿ ತೆಗೆದರೆ ಕಿವಿಯ ಬುಡದ ಗಟ್ಟಿ ಎಲುಬಿನ ನೆರಳು ಬಂದು ಕೆನ್ನೆಯ ಗೂಡಿನ ಮೇಲೆಯೇ ಕುಳಿತುಬಿಡುವುದು. ರೋಗಿಯು ಗಲ್ಲವನ್ನು ಫಲಕಕ್ಕೆ ಒತ್ತಿ ಮೂಗನ್ನು ಸ್ವಲ್ಪ ಎತ್ತಿ ಹಿಡಿದರೆ ಆ ನೆರಳು ಕೆಳಕ್ಕೆ ಸರಿದು ಗೂಡು ನಿಚ್ಚಳವಾಗುವುದು. ಇದನ್ನು ವಾಟರ್ಸ್ ಎಂಬವರ ಹೆಸರಿನಿಂದ ಕರೆಯುವರು. ಹಣೆಯ ಗೂಡುಗಳಿಗೆ ಕಾಲ್ಡ್‌ವೆಲ್ ಎಂಬವರ ಭಂಗಿ ಬೇರೆಯುಂಟು. ಈ ಕಾಲ್ಡ್‌ವೆಲ್ ಮಹಾಶಯರು ಕಿರಣಗಳ ಅಪಾಯ ಇನ್ನೂ ತಿಳಿಯದ ಕಾಲದಲ್ಲಿ ಕೆಲಸಮಾಡಿ, ಅವುಗಳಿಂದಾದ ಸುಟ್ಟಗಾಯಗಳಿಂದಲೇ ೧೯೧೮ರಲ್ಲಿ ಪ್ರಾಣಬಿಟ್ಟರು. ಇನ್ನೊಂದು ಸೂಕ್ಷ್ಮವುಂಟು. ಚಿತ್ರವನ್ನು ರೋಗಿಯು ನೆಟ್ಟಗೆ ಕುಳಿತೋ ನಿಂತೋ ಇರುವಾಗ ತೆಗೆಯಬೇಕು. ಚೊಂಬಿನಲ್ಲಿರುವ ನೀರಿನಂತೆ ಗೂಡಿನೊಳಗಿನ ದ್ರವವೂ ಸಮತಟ್ಟಾಗಿ ನಿಂತು ಚಿತ್ರದಲ್ಲಿ ಒಂದು ಅಡ್ಡಗೆರೆಯಾಗಿ ಕಾಣುವುದು. ಮಲಗಿಸಿ ತೆಗೆದರೆ ಅದೇ ನೀರು ಹರಡಿಕೊಂಡು, ಗೂಡೆಲ್ಲ ಮಬ್ಬಾಗಿ, ಗೆರೆ ಮಾಯವಾಗುವುದು. ಮಕ್ಕಳ ವಿಷಯದಲ್ಲಿ ಇನ್ನೂ ಒಂದು ಮಾತು: ಹಣೆಯ ಗೂಡುಗಳು ಹುಟ್ಟುವಾಗ ಇರುವುದಿಲ್ಲ, ಆರೇಳು ವರ್ಷದ ಹೊತ್ತಿಗೆ ಚಿತ್ರದಲ್ಲಿ ಕಾಣತೊಡಗುವುವು. ಎರಡು ವರ್ಷದ ಕೂಸಿನ ಹಣೆಯ ಸೈನಸ್ಸನ್ನು ನೋಡಬೇಕೆಂದು ಹಟಹಿಡಿಯುವ ತಂದೆತಾಯಿಗಳು ಇಲ್ಲದ ಮನೆಗೆ ಬೀಗ ಹಾಕಹೋದಂತಾಗುವುದು.

ಗೊಂಬೆಗಳನ್ನು ಒಂದೊಂದಾಗಿ ಬಿಡಿಸಿ ತೋರಿಸುವ ಉಪಾಯ ಬಂದದ್ದು ೧೯೭೧ರಲ್ಲಿ. ಅದರ ಹಿಂದೆ ಇದ್ದುದು ಗ್ರಾಮಫೋನ್ ತಟ್ಟೆಗಳ ಕಂಪನಿಯೆಂದರೆ ಶ್ರೋತೃಗಳಿಗೆ ವಿನೋದವೆನಿಸಬಹುದು. ಕೊಳವೆಯ ಮುಂದೆ ಕಿವಿಗೊಟ್ಟು ಕುಳಿತ ನಾಯಿಯ ಚಿತ್ರವಿರುವ ತಟ್ಟೆಗಳನ್ನು ನಮ್ಮ ಮನೆಗಳ ಹಿರಿಯರು ಜೋಪಾನವಾಗಿಟ್ಟಿದ್ದರಷ್ಟೆ. ಅದನ್ನು ಮಾಡುತ್ತಿದ್ದ ಕಂಪನಿ ೧೯೩೧ರಲ್ಲಿ ಇನ್ನೊಂದರೊಡನೆ ಸೇರಿ ಇ.ಎಂ.ಐ. ಆಯಿತು. ಆ ಸಂಸ್ಥೆಯ ಇಂಜಿನಿಯರಾದ ಗಾಡ್‌ಫ್ರೆ ಹೌನ್ಸ್‌ಫೀಲ್ಡರು ಕ್ಷ-ಕಿರಣವನ್ನು ತಲೆಯ ಸುತ್ತ ಹಲವು ಕೋನಗಳಿಂದ ಹಾಯಿಸಿ, ಪ್ರತಿಯೊಂದು ಕೋನದಲ್ಲಿಯೂ ಎಷ್ಟು ಕಿರಣ ಉಳಿದು ಹೊರಬಂದಿತೆಂಬುದನ್ನು ಅಳೆದು, ಗಣಕಯಂತ್ರದಿಂದ ಲೆಕ್ಕಹಾಕಿ, ತಲೆಯ ಒಂದು ಬಿಲ್ಲೆಯನ್ನು ಮಾತ್ರ ಚಿತ್ರಿಸುವ ವಿಧಾನವನ್ನು ಸಾಧಿಸಿದರು. ಬಾಳೆದಿಂಡನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿ ಒಂದೊಂದನ್ನೂ ತಟ್ಟೆಯಲ್ಲಿಟ್ಟು ನೋಡಿದಂತೆ. ವ್ಯತ್ಯಾಸವೇನೆಂದರೆ ಇಲ್ಲಿ ಕತ್ತಿಯಿಲ್ಲ. ೧೯೭೧ನೆಯ ಅಕ್ಟೋಬರ್ ೧ರಂದು ಲಂಡನ್ನಿನ ಆಟ್ಕಿನ್‌ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲನೆಯ ರೋಗಿಯ ಚಿತ್ರ ತೆಗೆದರು. ಉದ್ದಕ್ಕೆ ಎಂಬತ್ತು ಅಗಲಕ್ಕೆ ಎಂಬತ್ತು ಚೌಕಗಳ ಒರಟು ಚಿತ್ರವದು. ಇಂದು ಅರ್ಧ ಮಿಲಿಮೀಟರ್ ದಪ್ಪದ ಬಿಲ್ಲೆಗಳನ್ನು ಕೆಲವು ಕ್ಷಣಗಳಲ್ಲಿ ತೆಗೆಯುವರು. ಹೌನ್ಸ್‌ಫೀಲ್ಡರಿಗೂ, ಈ ಲೆಕ್ಕದ ತತ್ವವನ್ನು ಬೇರೆಯಾಗಿ ಸಾಧಿಸಿದ ಅಲನ್ ಕಾರ್ಮಾಕರಿಗೂ ೧೯೭೯ರಲ್ಲಿ ನೊಬೆಲ್ ಬಹುಮಾನ ಬಂದಿತು. ಚಿತ್ರದ ಪ್ರತಿಯೊಂದು ಚೌಕಕ್ಕೂ ಒಂದು ಅಂಕೆಯುಂಟು: ನೀರಿಗೆ ಸೊನ್ನೆ, ಗಾಳಿಗೆ ಸೊನ್ನೆಗಿಂತ ಸಾವಿರ ಕೆಳಗೆ, ಎಲುಬಿಗೆ ನೂರಾರು ಮೇಲೆ. ಇದೇ ಸಿ.ಟಿ. ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಪರೀಕ್ಷೆ.

ಮೂಗಿನ ವೈದ್ಯಕ್ಕೆ ಸಿ.ಟಿ.ಯಿಂದ ಆದ ಉಪಕಾರವನ್ನು ತಿಳಿಯಬೇಕಾದರೆ ಆ ಗೂಡುಗಳ ಸ್ವಭಾವವನ್ನು ಸ್ವಲ್ಪ ಅರಿತಿರಬೇಕು. ಕೆನ್ನೆಯ ಗೂಡಿಗೆ ಬಾಗಿಲು ತಳದಲ್ಲಿಲ್ಲ, ಸೂರಿನ ಹತ್ತಿರದಲ್ಲಿದೆ. ಮನೆ ಕಟ್ಟುವ ಯಾವ ಮೇಸ್ತ್ರಿಯೂ ಬಚ್ಚಲಿನ ತೂಬನ್ನು ಛಾವಣಿಯಲ್ಲಿಡಲಾರನು! ಆದರೆ ಪ್ರಕೃತಿ ಅದಕ್ಕೆ ತಕ್ಕ ಏರ್ಪಾಡನ್ನೂ ಮಾಡಿದೆ. ಗೂಡಿನ ಒಳಪೊರೆಯ ಮೇಲೆ ಕಣ್ಣಿಗೆ ಕಾಣದ ಸೂಕ್ಷ್ಮವಾದ ಕೂದಲುಗಳಿದ್ದು, ಅವು ಗದ್ದೆಯ ಪೈರು ಗಾಳಿಗೆ ಬಾಗುವಂತೆ ಒಂದೇ ದಿಕ್ಕಿಗೆ ಬಡಿಯುತ್ತ, ಲೋಳೆಯನ್ನು ತಳದಿಂದ ಮೇಲಕ್ಕೆ ಸಾಗಿಸಿ ಆ ಬಾಗಿಲಿಗೇ ತಲಪಿಸುವುವು. ಆಸ್ಟ್ರಿಯಾದ ಗ್ರಾಟ್ಸ್ ಪಟ್ಟಣದಲ್ಲಿ ಮೆಸ್ಸರ್‌ಕ್ಲಿಂಗರ್ ಎಂಬ ವೈದ್ಯರು ಈ ಲೋಳೆಯ ದಾರಿಯನ್ನೇ ಹಲವು ವರ್ಷ ಹಿಂಬಾಲಿಸಿ ಒಂದು ಸಂಗತಿಯನ್ನು ಸ್ಪಷ್ಟಪಡಿಸಿದರು: ಕೆನ್ನೆಯ ಗೂಡೂ ಹಣೆಯ ಗೂಡೂ ಸಾಮಾನ್ಯವಾಗಿ ತಮ್ಮ ದೋಷದಿಂದ ಕೆಡುವುದಿಲ್ಲ, ಅವು ಬರಿದಾಗುವ ಓಣಿ, ಎಂದರೆ ಮೂಗಿನ ಪಕ್ಕದ ಗೋಡೆಯಲ್ಲಿ ಕೆಲವೇ ಮಿಲಿಮೀಟರ್ ಅಗಲದ ಒಂದು ಇಕ್ಕಟ್ಟು, ಊತದಿಂದ ಮುಚ್ಚಿದಾಗ ಹಿಂದಿನದೆಲ್ಲವೂ ಕೆಡುವುದು. ಹಿಂದಿನವರು ಕೆಟ್ಟ ಗೂಡಿಗೆ ತುಟಿಯ ಒಳಗಿನಿಂದ ಕನ್ನ ಕೊರೆದು ಒಳಪೊರೆಯನ್ನೆಲ್ಲ ಕೆರೆದುಹಾಕುತ್ತಿದ್ದರು. ಓಣಿಯನ್ನು ತೆರವು ಮಾಡಿದರೆ ಪೊರೆ ತಾನೇ ಸುಧಾರಿಸಿಕೊಳ್ಳುವುದೆಂಬುದು ಹೊಸ ಮತ. ಆ ಓಣಿಯನ್ನು ಬರಿಯ ನೆರಳಿನ ಚಿತ್ರದಲ್ಲಿ ಕಾಣುವುದು ಸಾಧ್ಯವೇ ಇರಲಿಲ್ಲ, ಸಿ.ಟಿ.ಯ ಬಿಲ್ಲೆಯಲ್ಲಿ ಅದು ನಕಾಶೆಯ ಮೇಲಿನ ಗಲ್ಲಿಯಂತೆ ತೋರುವುದು. ಹರಲ್ಡ್ ಹಾಪ್ಕಿನ್ಸರು ಗಾಜಿನ ಸಲಾಕಿಗಳಿಂದ ರಚಿಸಿದ ತೆಳುವಾದ ದರ್ಶಕನಳಿಗೆ ಇದಕ್ಕೆ ಜೊತೆಯಾಯಿತು. ೧೯೮೦ರ ಈಚೆಗೆ ಈ ಎರಡರ ಸಹಾಯದಿಂದ ಮೂಗಿನ ಹೊಳ್ಳೆಯೊಳಗಿನಿಂದಲೇ ಮಾಡುವ ಶಸ್ತ್ರಚಿಕಿತ್ಸೆ ಎಲ್ಲೆಡೆಗೂ ಹಬ್ಬಿತು.

ಇಲ್ಲಿ ಚಿತ್ರ ಬರಿಯ ಸಾಕ್ಷಿಯಲ್ಲ, ದಾರಿ ತೋರಿಸುವ ದೀಪ. ಕಣ್ಣಿನ ಗುಳಿಗೂ ಮೂಗಿಗೂ ನಡುವೆ ಇರುವ ಗೋಡೆಗೆ ಶರೀರಶಾಸ್ತ್ರಜ್ಞರು ಇಟ್ಟಿರುವ ಹೆಸರೇ "ಕಾಗದದಂಥ ಹಾಳೆ" ಎಂದು. ಮೂಗಿನ ಸೂರಿನ ಮೇಲೆ ಮಿದುಳು ಕುಳಿತಿದೆ. ಹಿಂದಿನ ಗೂಡಿನ ಪಕ್ಕದಲ್ಲಿ ಕಣ್ಣಿನ ನರವೂ, ಮಿದುಳಿಗೆ ರಕ್ತವನ್ನೊಯ್ಯುವ ದೊಡ್ಡ ಧಮನಿಯೂ ಹಾದುಹೋಗುವುವು. ಕೆಲವರಲ್ಲಿ ಅವುಗಳ ಮೇಲೆ ಎಲುಬಿನ ಹೊದಿಕೆಯೇ ಇರುವುದಿಲ್ಲ. ಒಬ್ಬರ ಮೂಗಿನ ಸೂರು ಎತ್ತರ, ಇನ್ನೊಬ್ಬರದು ತಗ್ಗು. ಒಬ್ಬನಲ್ಲಿಯೇ ಎಡಬಲಗಳು ಬೇರೆಯಾಗಿರಬಹುದು. ಇದನ್ನೆಲ್ಲ ಮೊದಲೇ ನೋಡಿಕೊಳ್ಳದೆ ಉಪಕರಣವನ್ನು ಒಳಗಿಡುವುದು ಕತ್ತಲೆಯಲ್ಲಿ ಕೊಡಲಿ ಬೀಸಿದಂತೆ. ಪ್ರಸಂಗವಶಾತ್ ಹೇಳುವುದಾದರೆ, ಈ ಚಿತ್ರಗಳನ್ನು ವೈದ್ಯರು ರೋಗಿಗೆ ಎದುರಾಗಿ ನಿಂತವರಂತೆ ನೋಡುವರು. ಚಿತ್ರದ ಎಡಗಡೆ ಕಾಣುವುದು ರೋಗಿಯ ಬಲಗೆನ್ನೆ. ಮನೆಯಲ್ಲಿ ಚಿತ್ರವನ್ನು ಕಿಟಕಿಗೆ ಹಿಡಿದು ನೋಡಿ "ನೋವು ಎಡಕ್ಕಿದ್ದರೆ ರೋಗ ಬಲಕ್ಕಿದೆಯಲ್ಲಾ" ಎಂದು ಗಾಬರಿಗೊಳ್ಳುವವರಿಗೆ ಇಷ್ಟು ತಿಳಿದರೆ ಸಾಕು.

ಇಷ್ಟು ಹೊಗಳಿದ ಮೇಲೆ ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅನ್ಯಾಯವಾಗುವುದು. ಇಷ್ಟು ಚೆನ್ನಾಗಿ ಕಾಣುವ ಚಿತ್ರವು ಬೇಕಾದುದಕ್ಕಿಂತ ಹೆಚ್ಚನ್ನು ತೋರಿಸುವುದುಂಟು. ೧೯೯೪ರಲ್ಲಿ ಅಮೆರಿಕದ ಗ್ವಾಲ್ಟ್ನಿ ಮತ್ತು ಅವರ ಸಂಗಡಿಗರು, ಹೊಸದಾಗಿ ಸಾಧಾರಣ ನೆಗಡಿ ಹಿಡಿದಿದ್ದ ೩೧ ಮಂದಿ ವಯಸ್ಕರ ಸಿ.ಟಿ. ತೆಗೆದು ನೋಡಿದರು. ಅವರಲ್ಲಿ ನೂರಕ್ಕೆ ೮೭ರಷ್ಟು ಮಂದಿಯ ಕೆನ್ನೆಯ ಗೂಡುಗಳು ಕೆಟ್ಟಂತೆ ಕಂಡವು. ಎರಡು ವಾರಗಳಾದ ಮೇಲೆ, ಜೀವಿನಾಶಕ ಔಷಧವನ್ನೇನೂ ಕೊಡದಿದ್ದ ಕೆಲವರನ್ನು ಮತ್ತೆ ಪರೀಕ್ಷಿಸಿದಾಗ ಬಹುಮಂದಿಯ ಗೂಡುಗಳು ತಾವಾಗಿಯೇ ತಿಳಿಯಾಗಿದ್ದುವು ಅಥವಾ ಬಹಳ ಮಟ್ಟಿಗೆ ಸುಧಾರಿಸಿದ್ದುವು. ಎಂದರೆ ನೆಗಡಿ ಬಂದ ವಾರದಲ್ಲಿ ತೆಗೆಸಿದ ಚಿತ್ರ ನೆಗಡಿಯ ಚಿತ್ರವೇ ಹೊರತು ಶಸ್ತ್ರಚಿಕಿತ್ಸೆಗೆ ಕರೆಯೋಲೆಯಲ್ಲ. ಪರೀಕ್ಷಾವರದಿಯಲ್ಲಿ "ಪೊರೆ ದಪ್ಪವಾಗಿದೆ", "ಮೂಗಿನ ನಡುಗೋಡೆ ಬಾಗಿದೆ" ಎಂಬ ಮಾತುಗಳನ್ನು ಓದಿ ಎದೆಗುಂದುವವರು ಬಹಳ. ಯಾವ ತೊಂದರೆಯೂ ಇಲ್ಲದ ಅನೇಕರಲ್ಲಿ ಪೊರೆ ಅಷ್ಟಿಷ್ಟು ದಪ್ಪವಾಗಿರುವುದು. ತೂಗುಗುಂಡು ಹಿಡಿದಷ್ಟು ನೇರವಾದ ನಡುಗೋಡೆಯಂತೂ ಅಪರೂಪ. ತಲೆನೋವಿನ ವಿಷಯವೂ ಹಾಗೆಯೇ. ೨೦೦೪ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೀಲನೆಯಲ್ಲಿ, ತಮಗೆ ಸೈನಸ್ಸಿನ ತಲೆನೋವೆಂದು ನಂಬಿದ್ದ ಸುಮಾರು ಮೂರು ಸಾವಿರ ಮಂದಿಯಲ್ಲಿ ನೂರಕ್ಕೆ ೮೮ರಷ್ಟು ಮಂದಿಯ ಲಕ್ಷಣಗಳು ಅರೆತಲೆನೋವಿನವೆಂದು ಕಂಡುಬಂದಿತು. ಇಂಥವರು ಮೂಗಿನ ಚಿತ್ರವನ್ನು ಮೂರು ಸಲ ತೆಗೆಸಿದರೂ ತಲೆನೋವು ಅಲ್ಲಿ ಸಿಕ್ಕಲಾರದು. ಆದುದರಿಂದಲೇ ತಿಳಿದ ವೈದ್ಯರು ಮೊದಲು ಮಾತು ಕೇಳಿ, ಮೂಗಿನೊಳಗೆ ನೋಡಿ, ತಕ್ಕಷ್ಟು ಕಾಲ ಔಷಧ ಕೊಟ್ಟು, ಆಗಲೂ ಗುಣವಾಗದಿದ್ದರೆ ಸಿ.ಟಿ.ಯನ್ನು ಬರೆದುಕೊಡುವರು. "ಇವರು ಚಿತ್ರವನ್ನೇ ತೆಗೆಸಲಿಲ್ಲ" ಎಂದು ಅಂಥ ವೈದ್ಯರನ್ನು ಬಿಟ್ಟು ಬೇರೊಬ್ಬರಲ್ಲಿಗೆ ಓಡುವುದು ನಮ್ಮ ನಗರಗಳಲ್ಲಿ ಒಂದು ಚಾಳಿಯಾಗಿದೆ. ನಮಗಂತೂ ಇದು ಸರಿತೋರುವುದಿಲ್ಲ.

ಕಿರಣದ ಭಯವನ್ನು ಅತಿಯಾಗಿ ಬೆಳೆಸಬೇಕಾದುದಿಲ್ಲ. ನೆಲದಿಂದಲೂ ಆಕಾಶದಿಂದಲೂ ನಮ್ಮೆಲ್ಲರಿಗೂ ವರ್ಷಕ್ಕೆ ಸರಾಸರಿ ೨.೪ ಮಿಲಿಸೀವರ್ಟಿನಷ್ಟು ಕಿರಣ ಹೇಗೂ ತಗಲುವುದು. ಸೈನಸ್ಸಿನ ಒಂದು ಸಿ.ಟಿ.ಯಿಂದ ಬರುವುದು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಆದರೂ ಮಕ್ಕಳಲ್ಲಿ ಪದೇಪದೇ ಚಿತ್ರ ತೆಗೆಸುವುದು ಒಳ್ಳೆಯದಲ್ಲ.

ತಡಮಾಡದೆ ಚಿತ್ರ ತೆಗೆಸಬೇಕಾದ ಸಂದರ್ಭಗಳೂ ಉಂಟು. ೨೦೨೧ರ ಬೇಸಗೆಯನ್ನು ಕರ್ನಾಟಕದವರು ಮರೆತಿರಲಾರರು. ಕೋವಿಡ್‌ನಿಂದ ಚೇತರಿಸಿಕೊಳ್ಳುತ್ತಿದ್ದವರಲ್ಲಿ, ಅದರಲ್ಲಿಯೂ ಸಕ್ಕರೆಕಾಯಿಲೆಯಿದ್ದು ಸ್ಟೆರಾಯ್ಡ್ ತೆಗೆದುಕೊಂಡವರಲ್ಲಿ, ಕಪ್ಪು ಶಿಲೀಂಧ್ರದ ರೋಗ ಮೂಗಿನಲ್ಲಿ ಹುಟ್ಟಿ ಕಣ್ಣಿಗೂ ಮಿದುಳಿಗೂ ನುಗ್ಗಿತು. ಆ ಬೂಷ್ಟು ರಕ್ತನಾಳಗಳ ಒಳಹೊಕ್ಕು ಅವನ್ನು ಮುಚ್ಚುವುದು. ಮುಂದಿನ ಮಾಂಸ ರಕ್ತವಿಲ್ಲದೆ ಸಾಯುವುದು. ಮೊದಲ ದಿನಗಳ ಸಿ.ಟಿ.ಯಲ್ಲಿ ಇದು ಸಾಧಾರಣ ಸೈನಸ್ ಊತದಂತೆಯೇ ತೋರಿ ಮೋಸಮಾಡಬಹುದು. ಇಲ್ಲಿ ನೆರವಿಗೆ ಬರುವುದು ಅಯಸ್ಕಾಂತದ ಚಿತ್ರ, ಎಂದರೆ ಎಂ.ಆರ್.ಐ. ಈ ಯಂತ್ರದಲ್ಲಿ ಕ್ಷ-ಕಿರಣವೇ ಇಲ್ಲ. ಬಲವಾದ ಅಯಸ್ಕಾಂತದೊಳಗೆ ಮಲಗಿದ ದೇಹದ ಜಲಜನಕ ಪರಮಾಣುಗಳನ್ನು ರೇಡಿಯೋ ಅಲೆಗಳಿಂದ ಎಬ್ಬಿಸಿ, ಅವು ಮರಳಿ ನೆಲೆಗೆ ಬರುವಾಗ ಕೊಡುವ ಮರುದನಿಯನ್ನು ಹಿಡಿದು ಚಿತ್ರ ಬರೆಯುವುದು ಇದರ ಕ್ರಮ. ಆದುದರಿಂದ ಎಲುಬಿಗಿಂತ ಮೃದುಭಾಗಗಳ ಭೇದವನ್ನು ಇದು ಚೆನ್ನಾಗಿ ಬಲ್ಲುದು. ರಕ್ತನಾಳಕ್ಕೆ ಗ್ಯಾಡೋಲಿನಿಯಂ ಎಂಬ ಧಾತುವಿನ ದ್ರಾವಣವನ್ನು ಕೊಟ್ಟರೆ ರಕ್ತವಿರುವ ಮಾಂಸ ಬೆಳ್ಳಗೆ ಹೊಳೆಯುವುದು. ಸತ್ತ ಮಾಂಸ ಕಪ್ಪಾಗಿಯೇ ಉಳಿಯುವುದು. ಎಲ್ಲಿಯವರೆಗೆ ಕೊಯ್ಯಬೇಕೆಂಬುದನ್ನು ಶಸ್ತ್ರವೈದ್ಯರು ಆ ಕಪ್ಪನ್ನು ನೋಡಿ ತಿಳಿಯುವರು. ಅಷ್ಟಾದರೂ ಶಿಲೀಂಧ್ರ ಯಾವುದೆಂದು ನಿಶ್ಚಯಿಸುವುದು ಒಂದು ಚೂರು ಮಾಂಸವನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟ ಮೇಲೆಯೇ.

ಗಂಟಲಿನ ಮಾತಿಗೆ ಬಂದರೆ, ಅಲ್ಲಿ ಕಣ್ಣಿನಿಂದ ನೋಡುವುದೇ ಪ್ರಧಾನ. ಚಿತ್ರದ ಕೆಲಸ ಕಡಿಮೆ. ಆದರೆ ಮಕ್ಕಳು ವಸ್ತುಗಳನ್ನು ನುಂಗಿದಾಗ ಒಂದು ಸಾಧಾರಣ ಕ್ಷ-ಕಿರಣ ಚಿತ್ರ ಪ್ರಾಣವನ್ನು ಉಳಿಸುವುದುಂಟು. ನಾಣ್ಯವು ಅನ್ನನಾಳದಲ್ಲಿ ಸಿಕ್ಕಿದ್ದರೆ ಮುಂದಿನಿಂದ ತೆಗೆದ ಚಿತ್ರದಲ್ಲಿ ಸಾಮಾನ್ಯವಾಗಿ ಪೂರ್ಣಚಂದ್ರನಂತೆ ದುಂಡಗೆ ಕಾಣುವುದು. ಅದೇ ದುಂಡಿನ ಅಂಚಿನ ಒಳಗೆ ಇನ್ನೊಂದು ಉಂಗುರ ಕಂಡಿತೋ, ಅದು ನಾಣ್ಯವಲ್ಲ. ಆಟದ ಸಾಮಾನುಗಳಲ್ಲಿಯೂ ಟೆಲಿವಿಷನ್ನಿನ ರಿಮೋಟುಗಳಲ್ಲಿಯೂ ಇರುವ ಬಟನ್ ಸೆಲ್ಲು. ನಾಣ್ಯವಾದರೆ ವೈದ್ಯರು ಕೆಲವು ವೇಳೆ ಕಾದು ನೋಡಬಹುದು. ಸೆಲ್ಲಿನ ವಿದ್ಯುತ್ತು ಒದ್ದೆಯಾದ ಮಾಂಸದ ಮೂಲಕ ಹರಿದು, ಅದರ ಋಣಧ್ರುವದಲ್ಲಿ ತೀಕ್ಷ್ಣವಾದ ಕ್ಷಾರವನ್ನು ಹುಟ್ಟಿಸಿ, ಎರಡು ಗಂಟೆಗಳೊಳಗಾಗಿಯೇ ಅನ್ನನಾಳವನ್ನು ಸುಡಬಲ್ಲುದು. ಮಗು ಆಟವಾಡಿಕೊಂಡೇ ಇರಬಹುದು. ವಾಂತಿಮಾಡಿಸಲು ಹೋಗದೆ, ಬೆಳಗಾಗಲೆಂದು ಕಾಯದೆ, ಒಡನೆಯೇ ಚಿತ್ರ ತೆಗೆದು ನಳಿಗೆ ಇಳಿಸಿ ಹೊರತೆಗೆಯುವ ಅನುಕೂಲವಿರುವ ಆಸ್ಪತ್ರೆಗೆ ಒಯ್ಯಬೇಕು.

ಇದಕ್ಕೆ ವಿರುದ್ಧವಾದ ಸಂಕಟವೆಂದರೆ ಕಡಲೆಕಾಯಿ ಬೀಜ. ಅದು ಶ್ವಾಸನಾಳಕ್ಕೆ ಇಳಿದರೆ ಚಿತ್ರದಲ್ಲಿ ಕಾಣುವುದೇ ಇಲ್ಲ. ಕ್ಷ-ಕಿರಣಕ್ಕೆ ಕಡಲೆಕಾಯಿಯೂ ಮಾಂಸವೂ ಹೆಚ್ಚುಕಡಿಮೆ ಒಂದೇ. ಸೀತಾಫಲದ ಬೀಜ, ಅಡಕೆಯ ಚೂರುಗಳ ಗತಿಯೂ ಇದೇ. ಜಾಣರಾದ ವೈದ್ಯರು ಉಸಿರು ಎಳೆದಾಗ ಒಂದು, ಬಿಟ್ಟಾಗ ಒಂದು, ಹೀಗೆ ಎರಡು ಚಿತ್ರಗಳನ್ನು ತೆಗೆಸುವರು. ಬೀಜವು ಕವಾಟದಂತೆ ಕುಳಿತು ಗಾಳಿಯನ್ನು ಒಳಕ್ಕೆ ಬಿಟ್ಟು ಹೊರಕ್ಕೆ ಬಿಡದಿದ್ದರೆ, ಉಸಿರು ಬಿಟ್ಟ ಮೇಲೂ ಆ ಕಡೆಯ ಶ್ವಾಸಕೋಶ ಉಬ್ಬಿಕೊಂಡೇ ಇರುವುದು. ಇದೂ ಇಲ್ಲದೆ ಎರಡು ಚಿತ್ರಗಳೂ ಶುದ್ಧವಾಗಿ ಕಾಣುವುದುಂಟು. ಆದುದರಿಂದ ಕಡಲೆಕಾಯಿ ತಿನ್ನುತ್ತಿದ್ದ ಮಗುವಿಗೆ ಒಮ್ಮೆಗೇ ಉಸಿರುಕಟ್ಟಿ ಕೆಮ್ಮು ಬಂದಿತೆಂದು ತಾಯಿ ಹೇಳಿದರೆ, ಚಿತ್ರದ ಮಾತಿಗಿಂತ ತಾಯಿಯ ಮಾತನ್ನು ಹೆಚ್ಚಾಗಿ ನಂಬಬೇಕೆಂದು ಅನುಭವಿಗಳ ಮತ. ೧೮೯೭ರಲ್ಲಿ ಜರ್ಮನಿಯ ಗುಸ್ಟಾವ್ ಕಿಲಿಯನ್ನರು ಶ್ವಾಸನಾಳಕ್ಕೆ ನಳಿಗೆಯಿಳಿಸಿ ಎಲುಬಿನ ಚೂರೊಂದನ್ನು ಹೊರತೆಗೆದಂದಿನಿಂದ ಸಂಶಯ ಬಂದಲ್ಲಿ ಒಳಗೆ ಇಣಿಕಿ ನೋಡುವುದೇ ಕೊನೆಯ ಪರೀಕ್ಷೆಯಾಗಿ ಉಳಿದಿದೆ.

ಇನ್ನು ಕಿವಿ. ತಮಟೆಯ ಹಿಂದಿರುವ ಸುತ್ತಿಗೆ, ಅಡಿಗಲ್ಲು, ರಿಕಾಪುಗಳೆಂಬ ಮೂರು ಎಲುಬುಗಳಲ್ಲಿ ರಿಕಾಪಿನ ಎತ್ತರ ಸುಮಾರು ಮೂರು ಮಿಲಿಮೀಟರ್, ತೂಕ ಸುಮಾರು ಮೂರು ಮಿಲಿಗ್ರಾಂ; ಒಂದು ಅಕ್ಕಿಯ ನುಚ್ಚಿಗೆ ಅದನ್ನು ಹೋಲಿಸಬಹುದು. ಅದನ್ನೂ ಇಂದಿನ ಸಿ.ಟಿ. ತೋರಿಸಬಲ್ಲುದು. ನಾರುವ ಸೋರುಕಿವಿಯಲ್ಲಿ ಚರ್ಮದ ಹೊಟ್ಟು ಗಂಟಾಗಿ ಬೆಳೆದು ಎಲುಬನ್ನು ತಿನ್ನುತ್ತಿದ್ದರೆ ಎಷ್ಟು ತಿಂದಿದೆಯೆಂಬುದು ಸಿ.ಟಿ.ಯಿಂದಲೂ, ಶಸ್ತ್ರಚಿಕಿತ್ಸೆಯ ಬಳಿಕ ಅದು ಮರುಕಳಿಸಿತೇ ಎಂಬುದು ಎಂ.ಆರ್.ಐ.ಯ ಒಂದು ವಿಶೇಷ ಕ್ರಮದಿಂದಲೂ ತಿಳಿಯುವುದು. ಒಂದೇ ಕಿವಿಯಲ್ಲಿ ಕಿವುಡು ಅಥವಾ ಮೊರೆತ ಹುಟ್ಟಿದರೆ ಅದನ್ನು "ವಯಸ್ಸಾಯಿತು" ಎಂದು ತಳ್ಳಿಹಾಕಬಾರದು. ವಯಸ್ಸು ಎರಡು ಕಿವಿಗೂ ಒಟ್ಟಿಗೆ ಆಗುವುದಲ್ಲವೆ? ಇಂಥವರಲ್ಲಿ ನೂರಕ್ಕೆ ಕೆಲವೇ ಮಂದಿಗೆ ಶ್ರವಣನರದ ಪಕ್ಕದಲ್ಲಿ ಮೆಲ್ಲನೆ ಬೆಳೆಯುವ, ಕ್ಯಾನ್ಸರಲ್ಲದ ಗಡ್ಡೆಯೊಂದು ಇರುವುದು. ಹಿಂದೆ ಅದು ಎಲುಬಿನ ಸುರಂಗವನ್ನು ಅಗಲಿಸುವಷ್ಟು ಬೆಳೆದ ಮೇಲೆ ನೆರಳಿನಿಂದ ಊಹಿಸಬೇಕಾಗಿತ್ತು. ಈಗ ಕೆಲವು ಮಿಲಿಮೀಟರ್ ಇರುವಾಗಲೇ ಎಂ.ಆರ್.ಐ.ಯಲ್ಲಿ ಸಿಕ್ಕುವುದು. ಕಿವಿಯ ರೋಗಕ್ಕಾಗಿ ಒಳಹೋದವರ ಕಿವಿಗೇ ಆ ಯಂತ್ರದ ಗದ್ದಲದಿಂದ ರಕ್ಷಣೆಗೆಂದು ಹತ್ತಿಯನ್ನೋ ಬಿರಡೆಯನ್ನೋ ತುರುಕುವರು.

ಕಡೆಯದಾಗಿ ಹುಟ್ಟುಕಿವುಡು ಮಕ್ಕಳ ವಿಷಯ. ೧೯೬೫ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಹೆಸರನ್ನು ಕೇಳದವರಿಲ್ಲ. ಶ್ರವಣಶಂಖಕ್ಕೆ ತಂತಿಯನ್ನಿಳಿಸಿ ನರವನ್ನು ನೇರವಾಗಿ ಎಚ್ಚರಿಸುವ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಸಾಧನದ ಸುದ್ದಿಯೂ ಪತ್ರಿಕೆಗಳಲ್ಲಿ ಬರುತ್ತಿರುವುದು. ಅದನ್ನು ಕೂಡಿಸುವ ಮೊದಲು ಎರಡು ಪ್ರಶ್ನೆಗಳಿಗೆ ಚಿತ್ರ ಉತ್ತರಕೊಡಬೇಕು: ಎರಡೂವರೆ ಸುತ್ತಿನ ಆ ಶಂಖ ಸರಿಯಾಗಿ ರೂಪುಗೊಂಡಿದೆಯೇ? ಅದರಿಂದ ಹೊರಡುವ ನರ ಇದೆಯೇ? ಮೊದಲನೆಯದನ್ನು ಸಿ.ಟಿ.ಯೂ ಎಂ.ಆರ್.ಐ.ಯೂ ಹೇಳುವುವು, ನರವನ್ನು ಕಾಣಬೇಕಾದರೆ ಎಂ.ಆರ್.ಐ.ಯೇ ಬೇಕು. ಮಿದುಳುಪೊರೆಯ ಜ್ವರದಿಂದ ಕಿವುಡಾದ ಮಕ್ಕಳ ಸಂಗತಿ ಇದಕ್ಕಿಂತ ತುರ್ತಿನದು. ಆ ಸೋಂಕು ಶಂಖದೊಳಕ್ಕೆ ಹರಿದರೆ, ಅಲ್ಲಿಯ ದ್ರವ ಇದ್ದ ಸ್ಥಳದಲ್ಲಿ ಮೊದಲು ನಾರೂ ಆಮೇಲೆ ಎಲುಬೂ ತುಂಬಿಕೊಳ್ಳುವುದು. ಇದು ಕೆಲವು ವಾರಗಳಲ್ಲಿಯೇ ಆರಂಭವಾಗಬಹುದು. ಎಲುಬು ಕಟ್ಟಿದ ಮೇಲೆ ಮಾತ್ರ ಸಿ.ಟಿ.ಗೆ ಅದು ಕಾಣುವುದು. ದ್ರವ ಮಾಯವಾಗತೊಡಗಿದೊಡನೆಯೇ, ತಂತಿಯಿಳಿಸಲು ಇನ್ನೂ ದಾರಿಯಿರುವಾಗಲೇ, ಎಂ.ಆರ್.ಐ. ಅದನ್ನು ಕಾಣಿಸುವುದು. ಆದುದರಿಂದ ಅಂಥ ಜ್ವರದಿಂದ ಎದ್ದ ಮಗುವಿಗೆ, ಅದು ಕರೆದರೆ ತಿರುಗುವುದೆಂದು ಮನೆಯವರಿಗೆ ತೋರಿದರೂ ಸರಿ, ಕೂಡಲೆ ಶ್ರವಣಪರೀಕ್ಷೆಯನ್ನು ಮಾಡಿಸಿ, ಎರಡು ಕಿವಿಗಳೂ ಕೇಳದೆಂದು ಕಂಡುಬಂದಲ್ಲಿ ತಡವಿಲ್ಲದೆ ಈ ಚಿತ್ರವನ್ನು ತೆಗೆಸುವರು.